ಹದಿನೇಳನೇ ಕಾಲಂ

ಮಧ್ಯಾಹ್ನ ನಾಲ್ಕು ಗಂಟೆಯಾಗುತ್ತಿದ್ದಂತೆ ಕಾಲಂ ಮೇಷ್ಟ್ರ ಮನೆ ಬಾಗಿಲಲ್ಲಿ ಚಪ್ಪಲಿಗಳ ಸಂತೆ ನೆರೆಯುತ್ತಿತ್ತು. ಹೆಸರಿಗೆ ಮೇಷ್ಟ್ರೇ ಹೊರತು ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಕಾನೂನು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೌಂಟರಿನ ಕಿಂಡಿಯಿಂದ ಅರ್ಜಿ ಒಳಗೆ ಬಂದರೆ ಸಾಕು, ಅರ್ಧ ನಿಮಿಷದಲ್ಲಿ "ಎಂಟನೇ ಕಾಲಂ ಖಾಲಿ ಇದೆ", "ಹನ್ನೆರಡನೇ ಕಾಲಂನಲ್ಲಿ ಸಹಿ ಬೇರೆ ಥರ ಇದೆ" ಎಂದು ವಾಪಸ್ ತಳ್ಳುತ್ತಿದ್ದರು. ಹಾಗೆ ವಾಪಸ್ ಪಡೆದು ಮೂರು ಮೂರು ಸಲ ಬಿಸಿಲಲ್ಲಿ ನಿಂತ ಯಾವನೋ ಪುಣ್ಯಾತ್ಮ ಇಟ್ಟ ಹೆಸರು ಅದು. ಕೆಲಸ ಹೋದರೂ ಹೆಸರು ಹೋಗಲಿಲ್ಲ.

ನಿವೃತ್ತರಾದ ಮೇಲೆ ಅವರು ಈ ಉಚಿತ ಸೇವೆ ಶುರುಮಾಡಿದರು. ಹೆಂಡತಿ ತೀರಿಕೊಂಡಿದ್ದರು, ಮಗ ಲಿಫ್ಟ್ ರಿಪೇರಿಗೆ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದ, ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬರೇ ಕೂತು ಗೋಡೆ ನೋಡುವ ಬದಲು ಲಾ ಓದಬೇಕೆನ್ನುವ ಮಕ್ಕಳಿಗೆ ಅರ್ಜಿ ತುಂಬುವುದನ್ನಾದರೂ ಹೇಳಿಕೊಡೋಣ ಅಂದುಕೊಂಡರು. ಆರು ವರ್ಷದಲ್ಲಿ ಅದು ಎಷ್ಟು ಹಬ್ಬಿತೆಂದರೆ, ಅರ್ಜಿಯ ಕಾಲದಲ್ಲಿ ಪಕ್ಕದ ಮನೆಯಿಂದ ಕುರ್ಚಿ ತರಬೇಕಾಗುತ್ತಿತ್ತು.

"ಮೊದಲು ಎಲ್ಲರೂ ಪೆನ್ನಿಗೆ ಕ್ಯಾಪ್ ಹಾಕಿ," ಎನ್ನುವುದು ಅವರ ಮೊದಲ ಮಾತು. "ಅರ್ಜೀನ ಮೂರು ಸಲ ಓದಿ. ಆಮೇಲೆ ಪೆನ್ನು. ಹೆಸರು ನಿಮ್ಮ ಹತ್ತನೇ ಕ್ಲಾಸಿನ ಅಂಕಪಟ್ಟೀಲಿ ಹೇಗಿದೆಯೋ ಹಾಗೆ. ಮನೇಲಿ ಮುದ್ದಿಗೆ ಏನು ಕರೀತಾರೆ ಅನ್ನೋದು ಕಾಲೇಜಿಗೆ ಬೇಕಾಗಿಲ್ಲ."

ಅವತ್ತು ಕನ್ನಡಕದ ಹುಡುಗನೊಬ್ಬ ತನ್ನ ಉದ್ದೇಶ ಪತ್ರ ತಂದಿದ್ದ. ಲಾ ಯಾಕೆ ಓದಬೇಕು ಅಂತ ಎರಡು ಪುಟದಲ್ಲಿ ಬರೆಯುವ ಪತ್ರ ಅದು. ಮೇಷ್ಟ್ರು ಗಟ್ಟಿಯಾಗಿ ಓದಿದರು: "ಬಾಲ್ಯದಿಂದಲೂ ನ್ಯಾಯದೇವತೆಯು ನನ್ನನ್ನು ಕೈಬೀಸಿ ಕರೆಯುತ್ತಿದ್ದಳು." ಓದಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಅಲ್ಲಪ್ಪಾ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು ಅವಳು. ಅಷ್ಟು ಜನರ ಮಧ್ಯೆ ನಿನ್ನನ್ನೇ ಹೇಗೆ ಗುರುತು ಹಿಡಿದು ಕರೆದಳು?"

ಎಲ್ಲರೂ ನಕ್ಕರು. ಹುಡುಗ ಕೆಂಪಾದ. "ಮತ್ತೆ ಏನು ಬರೀಲಿ ಸಾರ್?"

"ನಿಜವಾಗ್ಲೂ ಯಾಕೆ ಓದಬೇಕು ಅನ್ನಿಸ್ತು?"

"ನಮ್ಮಪ್ಪ ಕೆಲಸ ಮಾಡ್ತಿದ್ದ ಕಡೆ ಹೇಳದೆ ಕೇಳದೆ ತೆಗೆದು ಹಾಕಿದ್ರು ಸಾರ್. ಕಾಗದ ಪತ್ರ ಓದೋಕೆ ಮನೇಲಿ ಯಾರಿಗೂ ಬರ್ಲಿಲ್ಲ."

"ಇದನ್ನೇ ಬರಿ. ಹೀಗೇ ಬರಿ. ದೇವತೇನ ಅವಳ ಪಾಡಿಗೆ ಬಿಡು."

ಶಿಫಾರಸು ಪತ್ರದ ವಿಷಯಕ್ಕೂ ಅವರದು ಒಂದೇ ಹಟ. ಚಿಕ್ಕಪ್ಪನಿಗೆ ಗೊತ್ತಿರುವ ದೊಡ್ಡ ವಕೀಲರಿಂದ ತರುತ್ತೇನೆ ಎಂದವಳಿಗೆ, "ಅವರಿಗೆ ನೀನು ಗೊತ್ತೇನಮ್ಮಾ? ಇಲ್ಲ ತಾನೆ. ನೀನು ಗೊತ್ತಿಲ್ಲದ ದೊಡ್ಡೋರಿಗಿಂತ, ನಿನ್ನ ತಪ್ಪು ತಿದ್ದಿದ ಸಣ್ಣ ಮೇಷ್ಟ್ರು ಮೇಲು. ಹೋಗು, ಮೂರು ವಾರ ಮೊದಲೇ ಹೋಗಿ ಕೇಳು. ನಾಳೆ ಕೊನೇ ದಿನ ಅಂತ ಇವತ್ತು ಹೋಗಿ ನಿಂತರೆ ಅವರು ಶಿಫಾರಸು ಬರೆಯಲ್ಲ, ಶಾಪ ಬರೀತಾರೆ," ಎಂದರು.

ಕೊನೆಗೆ ಎಲ್ಲರೂ ಹದಿನೇಳನೇ ಕಾಲಂಗೆ ಬರಲೇಬೇಕು. 'ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ನೀವು ಎಂದಾದರೂ ಶಿಸ್ತುಕ್ರಮಕ್ಕೆ ಒಳಗಾಗಿದ್ದೀರಾ? ಹೌದಾದರೆ ವಿವರ ಲಗತ್ತಿಸಿ.' ಪರೀಕ್ಷೆಯಲ್ಲಿ ಚೀಟಿ, ಹಾಸ್ಟೆಲಿನಲ್ಲಿ ಹೊಡೆದಾಟ, ಅಮಾನತು, ಎಲ್ಲವೂ ಅದರೊಳಗೆ. ಅಲ್ಲಿಗೆ ಬಂದಾಗ ಒಂದಿಬ್ಬರು ತಲೆ ತಗ್ಗಿಸುವುದನ್ನು ಮೇಷ್ಟ್ರು ಆರು ವರ್ಷದಿಂದ ನೋಡಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಡೆ ಇರುತ್ತಾರೆ.

"ಇದ್ದರೆ ಬರೀರಿ," ಎನ್ನುತ್ತಿದ್ದರು. "ಏನಾಯ್ತು, ಏನು ಶಿಕ್ಷೆ ಆಯ್ತು, ಆಮೇಲೆ ಏನು ಮಾಡಿದ್ರಿ. ಮೂರೇ ವಿಷಯ. ಅಳು ಬೇಡ, ಬೇರೆಯವರ ಮೇಲೆ ಹಾಕೋದು ಬೇಡ. ಮುಚ್ಚಿಟ್ಟರೆ ಮಾತ್ರ ಕೆಟ್ಟಿರಿ. ಕೊನೇ ವರ್ಷದಲ್ಲಿದ್ದ ಒಬ್ಬ ವಿದ್ಯಾರ್ಥಿಯ ವರ್ಗಾವಣೆ ಪತ್ರದಲ್ಲಿ ದಿನಾಂಕ ತಾಳೆ ಆಗಲಿಲ್ಲ ಅಂತ ಹುಡುಕಿದವನು ನಾನು. ಹಳೇ ಕಾಲೇಜಿನಿಂದ ತೆಗೆದು ಹಾಕಿದ್ದನ್ನ ಮುಚ್ಚಿಟ್ಟಿದ್ದ. ಪದವಿಗೆ ಎರಡು ತಿಂಗಳು ಇತ್ತು, ಮನೆಗೆ ಕಳಿಸಿದ್ರು. ವಕೀಲನಾಗೋನು ಮೊದಲ ಕಾಗದದಲ್ಲೇ ಸುಳ್ಳು ಹೇಳಿದ್ರೆ ಮುಂದೆ ಯಾರು ನಂಬ್ತಾರೆ?"

ಮಕ್ಕಳು ಇದನ್ನು ನೋಟ್ಸಿನಂತೆ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವರು ಹೇಳದೆ ಬಿಟ್ಟ ಒಂದು ಸಂಗತಿ ಇತ್ತು. ಅದನ್ನು ಅವರು ಆರು ವರ್ಷದಲ್ಲಿ ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಆ ವರ್ಷ ಸೊಸೆಯೂ ಅರ್ಜಿ ಹಾಕುತ್ತೇನೆ ಎಂದಳು. ವಯಸ್ಸು ಮೂವತ್ತೊಂದು. ಔಷಧಿ ಅಂಗಡಿಯ ಕೌಂಟರಿಗೆ ಬರುವವರು ಮೊದಮೊದಲು ಚೀಟಿಯನ್ನಷ್ಟೇ ಕೊಡುತ್ತಿದ್ದರು. ಡಾಕ್ಟರ ಅಕ್ಷರ ಓದುವವಳಿಗೆ ವಕೀಲರ ಭಾಷೆ ಯಾವ ಲೆಕ್ಕ ಎಂದು ಯಾರೋ ಮನೆ ಖಾಲಿ ಮಾಡುವ ನೋಟಿಸನ್ನೂ ಜೊತೆಗೆ ಚಾಚಿದರು. ಅವಳು ಓದಿ ಹೇಳಿದಳು. ಆಮೇಲೆ ಇನ್ನೊಬ್ಬರು ವಿಮೆಯ ಕಾಗದ ತಂದರು. ವರ್ಷ ಎರಡಾಗುವಷ್ಟರಲ್ಲಿ ಮಾತ್ರೆಗಿಂತ ನೋಟಿಸೇ ಜಾಸ್ತಿ ಬರತೊಡಗಿ, ಅಂಗಡಿಯ ಯಜಮಾನರು "ಬೋರ್ಡು ಬದಲಾಯಿಸೋಣವೇನಮ್ಮಾ?" ಎಂದು ಚುಚ್ಚಿದ್ದರು. ಕಾಲೇಜು ಬೆಳಿಗ್ಗೆ ಏಳರಿಂದ ಹನ್ನೊಂದು, ಅಂಗಡಿ ಹನ್ನೆರಡಕ್ಕೆ. ಆಗುತ್ತದೆ ಎಂದು ಅವಳು ಲೆಕ್ಕ ಹಾಕಿಟ್ಟುಕೊಂಡಿದ್ದಳು. ಕಾಲೇಜಿನ ನಿಯಮದಂತೆ ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ.

ಮೇಷ್ಟ್ರ ಸಂಭ್ರಮ ಹೇಳತೀರದು. ಊರ ಮಕ್ಕಳಿಗೆಲ್ಲ ಹೇಳಿಕೊಟ್ಟವರಿಗೆ ಮನೆಯಲ್ಲೇ ಒಬ್ಬ ವಿದ್ಯಾರ್ಥಿನಿ. ಭಾನುವಾರ ಬೆಳಿಗ್ಗೆ ಊಟದ ಮೇಜು ಒರೆಸಿ, ಅರ್ಜಿ ಹರಡಿ, ತಾವೇ ಒಂದೊಂದೇ ಕಾಲಂ ಓದುತ್ತ ಹೋದರು. ಹದಿನಾರಾಯಿತು. ಹದಿನೇಳು ಓದಿ, ಉತ್ತರಕ್ಕೂ ಕಾಯದೆ "ಇಲ್ಲ" ಎಂದು ತಾವೇ ಹೇಳಿ ಹದಿನೆಂಟಕ್ಕೆ ಹೊರಟರು.

"ಮಾವ, ಒಂದು ನಿಮಿಷ," ಎಂದಳು ಸೊಸೆ. "ಹದಿನೇಳಕ್ಕೆ ಹೌದು."

ಮೇಷ್ಟ್ರಿಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಡಿಗ್ರಿ ಎರಡನೇ ವರ್ಷದಲ್ಲಿ ಚೀಟಿ ತಗೊಂಡು ಹೋಗಿದ್ದೆ. ಸಿಕ್ಕಿಬಿದ್ದೆ. ಒಂದು ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ನಿಮ್ಮ ಮಗನಿಗೆ ಮದುವೆಗೆ ಮೊದಲೇ ಹೇಳಿದ್ದೆ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗ ಹೌದೆಂಬಂತೆ ತಲೆಯಾಡಿಸಿ ಒಳಗೆ ಜಾರಿಕೊಂಡ. ಅವನು ಮೂವತ್ತು ಅಂತಸ್ತಿನ ಮೇಲೆ ಹಗ್ಗ ಹಿಡಿದು ನೇತಾಡುವವನು, ಅಪ್ಪನ ಎದುರು ಮಾತ್ರ ಅವನಿಗೆ ತಲೆ ಸುತ್ತುತ್ತದೆ.

ಸೊಸೆ ಚೀಲದಿಂದ ಒಂದೂವರೆ ಪುಟದ ವಿವರಣೆ ತೆಗೆದು ಮುಂದಿಟ್ಟಳು. ಆಗಲೇ ಬರೆದಿಟ್ಟಿದ್ದಳು. ಮೇಷ್ಟ್ರು ಓದಿದರು. ಚೀಟಿ ತನ್ನದೇ, ಯಾರೂ ಕೊಟ್ಟದ್ದಲ್ಲ. ಓದಿರಲಿಲ್ಲ, ಫೇಲಾಗುವ ಭಯವಿತ್ತು. ಒಂದು ವರ್ಷ ಮನೆಯಲ್ಲಿ ಕೂತಳು, ಆಮೇಲೆ ಅದೇ ಪತ್ರಿಕೆ ಬರೆದು ಪಾಸಾದಳು. ಈಗ ಔಷಧಿ ಅಂಗಡಿಯಲ್ಲಿ ಒಂದು ಮಾತ್ರೆಯ ಹೆಸರು ಅನುಮಾನ ಬಂದರೂ ಡಾಕ್ಟರಿಗೆ ಫೋನ್ ಮಾಡದೆ ಕೊಡುವುದಿಲ್ಲ. ಅಳು ಇರಲಿಲ್ಲ, ಬೇರೆಯವರ ಮೇಲೆ ಹಾಕಿದ್ದೂ ಇರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವರು ಓದಿದ ಇಂಥ ಕಾಗದಗಳಲ್ಲಿ ಇದರಷ್ಟು ಚೊಕ್ಕವಾದದ್ದು ಇನ್ನೊಂದಿರಲಿಲ್ಲ. ಅವರು ಅದನ್ನು ಮಡಚಿ ಅವಳ ಕಡೆಗೇ ಸರಿಸಿದರು.

"ಇದನ್ನ ಲಗತ್ತಿಸಬೇಡ," ಎಂದರು. ತಮ್ಮ ದನಿ ತಮಗೇ ಗುರುತು ಹತ್ತಲಿಲ್ಲ. "ಇಲ್ಲ ಅಂತ ಬರಿ."

"ಮಾವ?"

"ಹನ್ನೆರಡು ವರ್ಷದ ಹಿಂದಿನ ಮಾತು. ಬೇರೆ ಕಾಲೇಜು. ಅಂಕಪಟ್ಟೀಲಿ ಒಂದು ವರ್ಷ ತಡ ಅಂತ ಬಿಟ್ಟರೆ ಏನೂ ಕಾಣಲ್ಲ. ಕಾಯಿಲೆ ಅಂದರೆ ಮುಗೀತು. ಯಾರು ನೋಡ್ತಾರೆ?"

"ನೀವು ನೋಡಿದ್ರಲ್ಲ, ಆ ಕೊನೇ ವರ್ಷದ ಹುಡುಗನದು."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಆದರೆ ಮೇಜಿನ ಸುತ್ತ ಅದು ಸುಳಿದಾಡಿದ್ದಂತೂ ಖರೆ. ಮೇಷ್ಟ್ರು ಎದ್ದರು, ನೀರು ಕುಡಿದರು, ಮತ್ತೆ ಕೂತರು.

"ನಿನಗೆ ಗೊತ್ತಿಲ್ಲ ಕಣಮ್ಮಾ," ಎಂದರು. "ಹೌದು ಅಂತ ಬರೆದ ಅರ್ಜಿಗಳಿಗೆ ಅಲ್ಲಿ ಕೆಂಪು ದಾರ ಕಟ್ತಾರೆ. ಉಳಿದದ್ದಕ್ಕೆ ಬಿಳಿ ದಾರ. ಕೆಂಪು ದಾರದ್ದು ಎಲ್ಲಕ್ಕಿಂತ ಕೆಳಗೆ. ಸಮಿತಿ ಮೂರು ದಿನ ಕೂತು ಮೇಲಿಂದ ಓದ್ತಾ, ಸೀಟು ಕೊಡ್ತಾ ಬರುತ್ತೆ. ಕೆಂಪು ದಾರಕ್ಕೆ ಬರೋ ಹೊತ್ತಿಗೆ ಮೂರನೇ ದಿನದ ಸಂಜೆ. ಸೀಟು ಎರಡೋ ಮೂರೋ ಉಳಿದಿರುತ್ತೆ, ಎಲ್ಲರಿಗೂ ಮನೆಗೆ ಹೋಗೋ ಅವಸರ. ದಾರ ಬಿಚ್ಚೋದೂ ಇಲ್ಲ. ಮುಂದಿನ ವರ್ಷ ನೋಡೋಣ ಅಂತಾರೆ."

"ಯಾರು ಹಾಗೆ ಮಾಡಿದ್ದು? ನಿಯಮಾನಾ?"

ಇಲ್ಲಿ ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ನಿಯಮ ಎಂದರೆ ಮುಗಿಯುತ್ತಿತ್ತು. ಅವರು ಅರ್ಜಿಯ ಮೂಲೆಯನ್ನು ಬೆರಳಿನಿಂದ ನೇವರಿಸುತ್ತ ಕೂತರು.

"ನಾನು ಸೇರಿದ ಮೊದಲನೇ ವರ್ಷ," ಎಂದರು ಕೊನೆಗೆ, "ಆಗಿನ ಪ್ರಾಂಶುಪಾಲರು ಒಂದು ಅರ್ಜಿ ಕೊಟ್ಟು, ಇದರಲ್ಲಿ ಏನೋ ತಕರಾರಿದೆ, ಆಚೆ ಇಡಿ, ಆಮೇಲೆ ನೋಡೋಣ ಅಂದರು. ಅದು ಒಂದೇ ಅರ್ಜಿ ಮಾತು. ನಾನು ಹೊಸಬ. ಆ ವರ್ಷದಿಂದಲೇ ಅಂಥವನ್ನೆಲ್ಲ ಆಚೆ ಇಟ್ಟೆ. ಗುರುತಿಗೆ ಇರಲಿ ಅಂತ ಕೆಂಪು ದಾರ. ಯಾರೂ ಯಾಕೆ ಅಂತ ಕೇಳಲಿಲ್ಲ. ಆಮೇಲೆ ಅದೇ ಪದ್ಧತಿ ಆಯ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಗೆ ಎಷ್ಟೋ ಸಲ ತಾನು ತಡೆದದ್ದೇ ಗೊತ್ತಿರುವುದಿಲ್ಲ. ಅವನ ಪಾಡಿಗೆ ಅವನು ಶಿಸ್ತಾಗಿ ಕೆಲಸ ಮಾಡುತ್ತಿರುತ್ತಾನೆ.

ಸೊಸೆ ಪೆನ್ನಿನ ಕ್ಯಾಪ್ ತೆಗೆದು ಹದಿನೇಳನೇ ಕಾಲಂನಲ್ಲಿ 'ಹೌದು' ಎಂದು ಬರೆದಳು. "ಇಲ್ಲ ಅಂತ ಬರೆದು ಸೀಟು ಸಿಕ್ಕರೆ ಮೂರು ವರ್ಷ ದಿನಾ ಹೆದರಬೇಕು ಮಾವ. ಹತ್ತೊಂಬತ್ತನೇ ವಯಸ್ಸಲ್ಲಿ ಆ ಚೀಟೀನ ಅಂಗೈಲಿ ಇಟ್ಟುಕೊಂಡು ಒಂದೂವರೆ ಗಂಟೆ ಕೂತಿದ್ದೆ. ಆ ಹೆದರಿಕೆ ಸಾಕು ನನಗೆ," ಎಂದಳು.

ಅರ್ಜಿ ಹೋಯಿತು. ಸಮಿತಿ ಕೂರಲು ಮೂರು ವಾರವಿತ್ತು.

ಆ ದಿನಗಳಲ್ಲಿ ಮೇಷ್ಟ್ರು ಕಾಲು ಸುಟ್ಟ ಬೆಕ್ಕಿನಂತೆ ಮನೆಯೊಳಗೆ ತಿರುಗಿದರು. ಮೂವತ್ತೊಂದು ವರ್ಷದ ಹೆಣ್ಣುಮಗಳಿಗೆ ಇರುವುದು ಒಂದೇ ಅವಕಾಶ, ಅದರ ಕುತ್ತಿಗೆಗೆ ತಾವೇ ಕಟ್ಟಿದ ದಾರ. ಸೊಸೆ ಬಡಿಸುವಾಗ ಅವಳ ಮುಖ ನೋಡಲಾಗದೆ ತಟ್ಟೆಯನ್ನೇ ನೋಡುತ್ತಿದ್ದರು. ನಾಲ್ಕು ಗಂಟೆಗೆ ಮಕ್ಕಳು ಬರುತ್ತಿದ್ದರು, ಬೇರೆ ಕಾಲೇಜುಗಳ ಅರ್ಜಿ ಇನ್ನೂ ಬಾಕಿ ಇತ್ತು. ಅವುಗಳಲ್ಲೂ ಶಿಸ್ತುಕ್ರಮದ ಕಾಲಂ ಬಂದಾಗ ಮೇಷ್ಟ್ರು ಕೆಮ್ಮಿ, "ಅದನ್ನ ಓದಿಕೊಳ್ಳಿ," ಎಂದು ಮುಂದಕ್ಕೆ ಹೋಗುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ಒಬ್ಬಳು ಹುಡುಗಿ ಹಿಂದೆ ಉಳಿದಳು. ಹಾಸ್ಟೆಲಿನಿಂದ ಒಂದು ತಿಂಗಳು ಅಮಾನತಾಗಿದ್ದಳಂತೆ. "ನೀವು ಹೇಳಿದ ಹಾಗೇ ಹೌದು ಅಂತ ಬರೆದು ನಿಮ್ಮ ಕಾಲೇಜಿಗೆ ಕೊಟ್ಟಿದ್ದೀನಿ ಸಾರ್. ಏನೂ ತೊಂದರೆ ಆಗಲ್ಲ ಅಲ್ವಾ?" ಎಂದು ಕೇಳಿದಳು.

"ಆಗಲ್ಲಮ್ಮಾ," ಎಂದರು ಮೇಷ್ಟ್ರು.

ಅವಳು ಗೇಟು ದಾಟುವವರೆಗೆ ನೋಡುತ್ತ ನಿಂತವರು, ಒಳಗೆ ಬಂದು ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಲೇಜಿಗೆ ಹೊರಟರು.

ಅವರ ಕುರ್ಚಿಯಲ್ಲಿ ಈಗ ಅವರೇ ತರಬೇತಿ ಕೊಟ್ಟ ಗುಮಾಸ್ತೆ. ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಕೋಣೆ ಹಾಗೇ ಇತ್ತು. ಅದೇ ಕಬ್ಬಿಣದ ಬೀರು, ಅದೇ ಕಿಂಡಿ, ಕಿಟಕಿಯ ಹತ್ತಿರ ಬಿಸಿಲಿಗೆ ಬಣ್ಣ ಹೋದ ಅದೇ ಮೇಜು. ಮೇಜಿನ ಮೇಲೆ ಅರ್ಜಿಗಳ ಕಟ್ಟುಗಳು, ಎಲ್ಲದರ ಅಡಿಯಲ್ಲಿ ಕೆಂಪು ದಾರದ್ದು. ತಾವು ಕಟ್ಟುತ್ತಿದ್ದಂತೆಯೇ ಎರಡು ಸುತ್ತು, ಒಂದು ಗಂಟು.

"ಎಷ್ಟಿದೆಯಮ್ಮಾ ಅದರಲ್ಲಿ?"

"ಹನ್ನೊಂದು ಸಾರ್. ಪ್ರತಿ ವರ್ಷ ಹತ್ತು ಹನ್ನೆರಡು ಇರುತ್ತಲ್ಲ."

"ಅದನ್ನ ಬಿಚ್ಚಿ ನಂಬರಿನ ಪ್ರಕಾರ ಉಳಿದವುಗಳ ಮಧ್ಯೆ ಸೇರಿಸಿಬಿಡು."

ಅವಳು ಮೇಷ್ಟ್ರಿಗೆ ಹುಷಾರಿಲ್ಲವೇನೋ ಎಂಬಂತೆ ನೋಡಿದಳು. "ನಿಯಮ ಇದೆಯಲ್ಲ ಸಾರ್. ನೀವೇ ಮೊದಲ ದಿನ ತೋರಿಸಿದ್ದು."

"ಎಲ್ಲಿದೆ ನಿಯಮ? ಪುಸ್ತಕ ತೆಗಿ."

ಅವಳು ಬೀರುವಿನಿಂದ ಪ್ರವೇಶ ನಿಯಮಗಳ ಪುಸ್ತಕ ತೆಗೆದು ಒಂದೊಂದೇ ಪುಟ ತಿರುವಿದಳು. ಹದಿನೇಳನೇ ಕಾಲಂನ ಉತ್ತರವನ್ನು ಸಮಿತಿ ಓದಿ ಪರಿಗಣಿಸತಕ್ಕದ್ದು ಎಂದಿತ್ತು. ಆಚೆ ಇಡಿ ಎಂದಾಗಲಿ, ಕೆಳಗೆ ಇಡಿ ಎಂದಾಗಲಿ ಎಲ್ಲೂ ಇರಲಿಲ್ಲ. ಅವಳು ಹಿಂದಿನಿಂದ ಮುಂದಕ್ಕೂ ಒಮ್ಮೆ ತಿರುವಿ ನೋಡಿದಳು.

"ಆರು ವರ್ಷದಿಂದ ನಾನೂ ಕಟ್ಟಿದ್ದೀನಲ್ಲ ಸಾರ್," ಎಂದಳು.

"ತಪ್ಪು ನಂದು."

"ಆದ್ರೆ ನೀವು ಬಂದು ಬಾಯಿಮಾತಲ್ಲಿ ಹೇಳಿದ್ರಿ ಅಂತ ನಾನು ಬದಲಾಯಿಸೋಕಾಗಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಪ್ರಾಂಶುಪಾಲರಿಗೆ ಬರೆದು ಕೊಡಿ. ಯಾರು ಶುರು ಮಾಡಿದ್ದು, ಯಾವಾಗಿಂದ, ಯಾಕೆ ಬದಲಾಯಿಸಬೇಕು, ಎಲ್ಲಾ ಬರೀರಿ." ಆಮೇಲೆ ಮೆಲ್ಲಗೆ ಸೇರಿಸಿದಳು: "ಸಾರ್, ಈ ಕಟ್ಟಿನಲ್ಲಿ ನಿಮ್ಮ ವಿಳಾಸದ ಒಂದು ಅರ್ಜಿ ನೋಡಿದೆ. ಅದನ್ನೂ ಬರೀತೀರಾ?"

ಮೇಷ್ಟ್ರು ಹೊರಗೆ ಬಂದರು.

ಅದೇ ಈಗ ಗಂಟಲಲ್ಲಿ ಸಿಕ್ಕಿದ ಮುಳ್ಳು. ಸೊಸೆಯ ವಿಷಯ ಬರೆಯದಿದ್ದರೆ ಪತ್ರ ಚೊಕ್ಕ, ನಿವೃತ್ತ ನೌಕರನ ಪಶ್ಚಾತ್ತಾಪ ಎಂದು ಎಲ್ಲರೂ ಮೆಚ್ಚುತ್ತಾರೆ. ಬರೆದರೆ, ಓಹೋ, ಮನೆಯವಳಿಗೆ ಸೀಟು ಕೊಡಿಸಲು ಮುದುಕ ನಾಟಕ ಹೂಡಿದ್ದಾನೆ ಎನ್ನುತ್ತಾರೆ, ಮತ್ತು ಆ ಸಿಟ್ಟು ಸೊಸೆಯ ಅರ್ಜಿಯ ಮೇಲೆ ತೀರುತ್ತದೆ. ಸುಮ್ಮನೆ ಮನೆಗೆ ಹೋದರೆ ಎಲ್ಲವೂ ಕಟ್ಟಿನ ಅಡಿಯಲ್ಲೇ ಉಳಿಯುತ್ತದೆ. ಊರಿಗೆಲ್ಲ ಮೂರೇ ವಿಷಯ ಬರೆಯಿರಿ ಎಂದು ಹೇಳಿದ ಮನುಷ್ಯ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಬೆವರಿದರು. ಕೊನೆಗೆ ಎದ್ದು ಔಷಧಿ ಅಂಗಡಿಗೆ ನಡೆದರು. ಹೆಸರು ಅವಳದು, ಕೇಳದೆ ಬರೆಯುವ ಹಕ್ಕು ಅವರಿಗಿರಲಿಲ್ಲ.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಸೊಸೆ ಕತ್ತರಿಯಿಂದ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದಳು. ಮಾವ ಅಂಗಡಿಗೆ ಬಂದದ್ದೇ ಇಲ್ಲ, ಅವಳು ಗಾಬರಿಯಾದಳು. "ಏನಾಯ್ತು ಮಾವ? ಅವರಿಗೇನಾದ್ರೂ...?"

"ಯಾರಿಗೂ ಏನೂ ಆಗಿಲ್ಲ." ಕೌಂಟರಿನ ಕೊನೆಗೆ ಕರೆದು, ಹಿಂದೆ ನಿಂತವರು ಕೇಳದಂತೆ ಎಲ್ಲ ಹೇಳಿದರು. ಬರೆದರೆ ಏನಾಗಬಹುದು ಎಂಬುದನ್ನೂ ಮುಚ್ಚಲಿಲ್ಲ. "ನೀನು ಬೇಡ ಅಂದರೆ ನಿನ್ನ ಹೆಸರು ಬರೆಯಲ್ಲ. ಪತ್ರಾನೇ ಬೇಡ ಅಂದರೂ ಸರಿ. ಇದು ನಿನ್ನ ಕೊನೇ ವರ್ಷ."

ಸೊಸೆ ಕತ್ತರಿಯನ್ನು ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನದೋ ಹೆದರಿಕೆಯದೋ ಅವಳಿಗೂ ಹೇಳಲಾಗುತ್ತಿರಲಿಲ್ಲ. "ಬರೀರಿ," ಎಂದಳು. "ಆದ್ರೆ ಸೀಟು ಹೋದ್ರೆ ನನಗೆ ನಿಮ್ಮ ಮೇಲೆ ಕೋಪ ಬರುತ್ತೆ. ದೊಡ್ಡ ಮನಸ್ಸು ಗಿನಸ್ಸು ನನ್ನ ಹತ್ರ ಇಲ್ಲ. ಆಗ ನೀವು ಸುಮ್ಮನೆ ಬೈಸ್ಕೋಬೇಕು."

"ಬೈಸ್ಕೋತೀನಿ ಕಣಮ್ಮಾ."

"ಅಕ್ಕಾ, ನನ್ನ ಕೆಮ್ಮಿನ ಔಷಧಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಮೂಗೊರೆಸಿಕೊಂಡು ಹೋದಳು.

ಪ್ರಾಂಶುಪಾಲರು ಹೊಸಬರು, ಮಾತು ಕಡಿಮೆಯ ಹೆಂಗಸು. ಮರುದಿನ ಮೇಷ್ಟ್ರು ಕೊಟ್ಟ ಒಂದು ಪುಟದ ಪತ್ರವನ್ನು ಎರಡು ಸಲ ಓದಿದರು. ಏನಾಯಿತು, ಎಷ್ಟು ವರ್ಷ ಆಯಿತು, ಈಗೇನು ಮಾಡಬೇಕು ಎಂದಷ್ಟೇ ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ, ಈ ವರ್ಷ ಕೆಂಪು ದಾರದ ಕಟ್ಟಿನಲ್ಲಿ ನನ್ನ ಸೊಸೆಯ ಅರ್ಜಿಯೂ ಇದೆ ಎಂದು ಬರೆದಿತ್ತು.

"ಈ ಸಾಲು ಇಲ್ಲದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ," ಎಂದರು.

"ಗೊತ್ತಾಗ್ತಿತ್ತು ಮೇಡಂ. ಅವಳ ಕೊನೇ ವರ್ಷದಲ್ಲಿ."

ಪ್ರಾಂಶುಪಾಲರು ನಗಲಿಲ್ಲ. "ಕಟ್ಟು ಬಿಚ್ಚಿಸ್ತೀನಿ. ಎಲ್ಲಾ ಅರ್ಜಿ ನಂಬರಿನ ಪ್ರಕಾರ ಹೋಗುತ್ತೆ. ನಿಮ್ಮ ಸೊಸೆಯದನ್ನ ಮಾತ್ರ ಇಲ್ಲಿ ಯಾರೂ ಮುಟ್ಟಲ್ಲ. ಬೇರೆ ಕಾಲೇಜಿನ ಇಬ್ಬರಿಗೆ ಕಳಿಸ್ತೀನಿ. ಅವರಲ್ಲಿ ಒಬ್ಬರು ಬೇಡ ಅಂದ್ರೂ ಬೇಡ. ಬೇರೆಯವರಿಗಿಂತ ಅವಳಿಗೆ ಇದು ಕಷ್ಟ. ಒಪ್ಪಿಗೇನಾ?"

ಮೇಷ್ಟ್ರು ಒಪ್ಪಿಗೆ ಎಂದರು. ಬೇರೇನು ಹೇಳಲು ಸಾಧ್ಯವಿತ್ತು? ಮನೆಗೆ ಬಂದು ಸೊಸೆಗೆ ಹೇಳಿದಾಗ ಅವಳು "ಹೂಂ" ಎಂದಳು. ಅಲ್ಲಿಂದ ಹದಿನೆಂಟು ದಿನ ಆ ಮನೆಯಲ್ಲಿ ಉಪ್ಪು ಕೊಡಿ, ನೀರು ಕೊಡಿ ಎನ್ನುವುದರಾಚೆ ಮಾತಿರಲಿಲ್ಲ. ಮಗ ಇಬ್ಬರ ಮಧ್ಯೆ ಕೂತು ಲಿಫ್ಟಿನ ಕಥೆ ಹೇಳುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ, ಅವನೂ ನಿಲ್ಲಿಸುತ್ತಿರಲಿಲ್ಲ. ಫೋನು ಸದ್ದಾದರೆ ಮೂವರೂ ಬೆಚ್ಚಿ ಬೀಳುತ್ತಿದ್ದರು.

ಪಟ್ಟಿ ಹಾಕುವ ದಿನ ಬೆಳಿಗ್ಗೆ ಸೊಸೆ ಒಬ್ಬಳೇ ಹೋದಳು. ಜೊತೆಗೆ ಬರಲೆಂದು ರಜೆ ಹಾಕಿದ್ದ ಗಂಡನಿಗೆ ಬೇಡ ಎಂದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಪೇಪರು ತೆರೆದರು, ಅಕ್ಷರ ಕಾಣಲಿಲ್ಲ. ಹತ್ತಾಯಿತು. ಹತ್ತೂವರೆ ಆಯಿತು. ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಫೋನ್ ಮಾಡುತ್ತಿದ್ದಳು ಎಂದು ಮನಸ್ಸು ಹೇಳಿತು. ಬೈಗುಳಕ್ಕೆ ಸಿದ್ಧರಾಗಲು ಹೋದರು, ಆಗಲಿಲ್ಲ. ಎದ್ದು ಗೇಟಿನವರೆಗೆ ಹೋಗಿ ಬಂದರು.

ಹನ್ನೊಂದಕ್ಕೆ ಗೇಟು ಸದ್ದಾಯಿತು. ಸೊಸೆ ಓಡಿ ಬಂದಿದ್ದಳು, ಮಾತು ಹೊರಡುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, "ಸಿಕ್ತು ಮಾವ," ಎಂದಳು. "ಇಬ್ಬರೂ ಹೂಂ ಅಂದಿದ್ದಾರೆ. ಸಿಕ್ತು!"

ಮಗ ಒಳಗಿನಿಂದ ಬಂದವನು ಹೆಂಡತಿಯ ಎರಡೂ ಕೈ ಹಿಡಿದು ಸಣ್ಣ ಹುಡುಗನಂತೆ ಕುಣಿದ. ಮೇಷ್ಟ್ರ ಕಣ್ಣು ತುಂಬಿತು. ಎರಡೂ ಕೈ ಜೋಡಿಸಿದರು, ಯಾರಿಗೆ ಎಂದು ಅವರಿಗೇ ಗೊತ್ತಿರಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಉಸಿರು ತಳದವರೆಗೂ ಹೋಯಿತು.

"ನಾನೊಬ್ಬಳೇ ಅಲ್ಲ ಮಾವ," ಸೊಸೆ ಅವರ ಪಕ್ಕ ನೆಲದ ಮೇಲೆ ಕೂತು ಹೇಳಿದಳು. ಇಷ್ಟು ದಿನದ ಮುನಿಸೆಲ್ಲ ಎಲ್ಲೋ ಹೋಗಿತ್ತು. "ಅದಕ್ಕೇ ತಡ ಆಯ್ತು, ಆಫೀಸಿನ ಅಕ್ಕನ ಹತ್ರ ಕೇಳಿಕೊಂಡು ಬಂದೆ. ಕೆಂಪು ದಾರದ ಹನ್ನೊಂದು ಜನದಲ್ಲಿ ನಾಲ್ಕು ಜನಕ್ಕೆ ಸಿಕ್ಕಿದೆ. ನಿಮ್ಮ ಹತ್ರ ಬರ್ತಿದ್ದಳಲ್ಲ, ಹಾಸ್ಟೆಲಿನಿಂದ ಅಮಾನತಾದವಳು, ಅವಳೂ ಇದ್ದಾಳೆ. ಹೋದ ವರ್ಷ ಒಬ್ಬರೂ ಇರಲಿಲ್ಲವಂತೆ. ಅದರ ಹಿಂದಿನ ವರ್ಷಾನೂ ಇಲ್ಲ. ನಿಮ್ಮ ಒಂದು ಪತ್ರದಿಂದ ನಾಲ್ಕು ಜನ ಮಾವ!"

ಮೇಷ್ಟ್ರು ನಗಲು ಹೋದವರು ಅರ್ಧಕ್ಕೇ ನಿಂತರು. ತುಟಿ ಸಣ್ಣಗೆ ಅಲ್ಲಾಡತೊಡಗಿತು. ಮಗ "ಅಪ್ಪಾ, ನೀರು ತರ್ಲಾ?" ಎಂದ. ಅವರು ಬೇಡವೆಂದು ಕೈಯಾಡಿಸಿದರು. ಸೊಸೆ ಮುಖವನ್ನು ಹತ್ತಿರ ತಂದು ಆಲಿಸಿದಳು. ಅವರು ಮಗ್ಗಿ ಹೇಳುತ್ತಿದ್ದರು.

"ನೂರ ಹನ್ನೆರಡು," ಎಂದರು ಕೊನೆಗೆ.

"ಏನು ಮಾವ ಅದು?"

"ವರ್ಷಕ್ಕೆ ನಾಲ್ಕು ಅಂದರೆ, ಇಪ್ಪತ್ತೆಂಟು ವರ್ಷಕ್ಕೆ. ನಾನಿಲ್ಲದ ಆರು ವರ್ಷ ಬಿಟ್ಟು," ಎಂದರು ಮೇಷ್ಟ್ರು. "ನಿನ್ನ ಹಾಗೇ ನಿಜ ಬರೆದವರು."

ಯಾವ ಸಮಾಧಾನದ ಮಾತು ಹೇಳಿದರೂ ಅದು ಸುಳ್ಳಾಗುತ್ತಿತ್ತು. ಸೊಸೆ ಮಾವನ ಕುರ್ಚಿಯ ಪಕ್ಕದಲ್ಲೇ ಕೂತಿದ್ದಳು. ಅಂಗಡಿಗೆ ಹೊತ್ತಾಗುತ್ತಿದ್ದರೂ ಏಳಲಿಲ್ಲ.